ಊರ ನಡುವೆ ದಾನಿಗಳಿಗೊಂದು ಚೌಕ ಬೇಕಾ? ದಾವಣಗೆರೆಯವರು ಹೇಳಿ

ಮಂಡಿಪೇಟೆ ಮೊಮ್ಮಗ · ಶುಕ್ರವಾರ ರಾತ್ರಿ 9.10

ಅಕ್ಕನ ಮಗ ಪಿಯುಸಿ ಮುಗಿಸಿ ಡಿಗ್ರಿಗೆ ಸೇರಬೇಕು ಅಂತ ನಮ್ಮನೆಗೆ ಬಂದಿದ್ದಾನೆ. ಮೊನ್ನೆ ಅವನನ್ನು ಬೈಕಲ್ಲಿ ಕೂರಿಸಿಕೊಂಡು ಕಾಲೇಜು ತೋರಿಸಲು ಹೊರಟೆ. ಡಿ.ಆರ್.ಎಂ. ಗೇಟಿನ ಮುಂದೆ ನಿಲ್ಲಿಸಿದ ತಕ್ಷಣ, "ಮಾಮಾ, ಇದು ರೈಲ್ವೆಯವರದ್ದಾ?" ಎಂದು ಕೇಳಿದ. ಅವನ ಲೆಕ್ಕದಲ್ಲಿ ಡಿ.ಆರ್.ಎಂ. ಅಂದರೆ ರೈಲ್ವೆ ಡಿವಿಜನ್ ಮ್ಯಾನೇಜರು.

ನಕ್ಕುಬಿಟ್ಟೆ. ಆಮೇಲೆ ನನಗೇ ನಾಚಿಕೆ ಆಯಿತು. ನಾನು ಅದೇ ಕಾಲೇಜಲ್ಲಿ ಮೂರು ವರ್ಷ ಮಣ್ಣು ಹೊತ್ತವನು. ಪೂರ್ತಿ ಹೆಸರು ಗೊತ್ತಾಗಿದ್ದು ಕೊನೇ ವರ್ಷ, ಅದೂ ಮಾರ್ಕ್ಸ್ ಕಾರ್ಡ್ ತಿದ್ದಿಸಲು ಅರ್ಜಿ ಬರೆಯುವಾಗ. ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ.

ನಮ್ಮೂರಲ್ಲಿ ದಾನ ಕೊಟ್ಟವರೆಲ್ಲ ಬರೀ ಇನಿಷಿಯಲ್ ಆಗಿ ಉಳಿದಿದ್ದಾರೆ. ಆರ್.ಎಲ್. ಲಾ ಕಾಲೇಜು ಅಂದರೆ ರಾಜನಹಳ್ಳಿ ಲಕ್ಷ್ಮಣ ಶೆಟ್ಟರು. ಸಿ.ಜಿ. ಆಸ್ಪತ್ರೆ ಅಂದರೆ ಚಿಗಟೇರಿ. ಎ.ವಿ.ಕೆ. ಕಾಲೇಜು ಅಂದರೆ ಕಮಲಮ್ಮ. ದಿನಾ ಹೇಳುತ್ತೇವೆ, ಯಾರು ಅಂತ ಕೇಳಿದರೆ ಬಾಯಿಲ್ಲ.

ಅದಕ್ಕೇ ಒಂದು ಯೋಚನೆ. ಊರ ನಡುವೆ, ಗಡಿಯಾರ ಕಂಬದ ಹತ್ತಿರವೋ ರೈಲ್ವೆ ಸ್ಟೇಷನ್ ಮುಂದೆಯೋ, ಒಂದು ಚೌಕ. ನಾಲ್ಕು ಕಲ್ಲು ಬೆಂಚು, ನೆರಳು, ಗಿರಣಿ ಕಟ್ಟಿದವರು, ಛತ್ರ ಕಟ್ಟಿಸಿದವರು, ಶಾಲೆಗೆ ಜಾಗ ಕೊಟ್ಟವರು, ಎಲ್ಲರದೂ ಪೂರ್ತಿ ಹೆಸರು. ಏನಂತೀರಿ?

ಖಾರ ಮಂಡಕ್ಕಿ · 9.14

ಬೆಂಚು ಹಾಕಿದರೆ ಮೂರನೇ ದಿನಕ್ಕೆ ಅದರ ಮೇಲೆ ಮೆಣಸಿನಕಾಯಿ ಬಜ್ಜಿ ಅಂಗಡಿ. ನಾನೇ ಹಾಕುತ್ತೇನೆ.

ಅಶೋಕ ಗೇಟ್ ಸಂತ್ರಸ್ತ · 9.21

ಗಡಿಯಾರ ಕಂಬದ ಹತ್ತಿರ ಚೌಕವಾ! ಸ್ವಾಮಿ, ಅಲ್ಲಿ ಬೈಕ್ ತಿರುಗಿಸಲು ಜಾಗ ಇಲ್ಲ. ನನ್ನ ಅರ್ಧ ಆಯಸ್ಸು ಅಶೋಕ ಟಾಕೀಸ್ ರೈಲ್ವೆ ಗೇಟಿನ ಮುಂದೆ ಕಳೆದಿದೆ. ಮೊದಲು ಓಡಾಡಲು ದಾರಿ ಮಾಡಿಕೊಡಿ. ಹಾಗೆ ಮಾಡಿಕೊಟ್ಟವನೇ ನಿಜವಾದ ದಾನಿ, ಅವನ ಹೆಸರು ನಾನು ಹಚ್ಚೆ ಹಾಕಿಸಿಕೊಳ್ಳುತ್ತೇನೆ.

ಪಿ.ಜೆ. ಬಡಾವಣೆ ಅಕ್ಕ · 9.30

ಕಾಸಲ್ ಶ್ರೀನಿವಾಸ ಶೆಟ್ಟಿ ಪಾರ್ಕ್ ಇದೆಯಲ್ಲ? ಬೆಂಚೂ ಇದೆ, ನೆರಳೂ ಇದೆ. ಬೆಳಿಗ್ಗೆ ವಾಕಿಂಗ್ ಬರುವ ಎಷ್ಟು ಜನಕ್ಕೆ ಆ ಶೆಟ್ಟರು ಯಾರು ಅಂತ ಗೊತ್ತು? ಹೆಸರು ಹಾಕಿದರೆ ನೆನಪು ಉಳಿಯುತ್ತದೆ ಅನ್ನುವುದು ಭ್ರಮೆ. ನಮ್ಮ ಗುಂಪಿನಲ್ಲಿ ಒಬ್ಬರಂತೂ ಅದನ್ನು "ಹಾಸಲ್ ಪಾರ್ಕ್" ಅನ್ನುತ್ತಾರೆ, ಹತ್ತು ವರ್ಷದಿಂದ.

ರಿಟೈರ್ಡ್ ಮೇಷ್ಟ್ರು · 9.52

ಮೊಮ್ಮಗನೇ, ಒಳ್ಳೆಯ ಮಾತು ಎತ್ತಿದ್ದೀಯ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಈ ಊರು ರಾಜರು ಕಟ್ಟಿದ ಊರಲ್ಲ. ಚಿತ್ರದುರ್ಗಕ್ಕೆ ಕೋಟೆ ಇದೆ, ಹರಿಹರಕ್ಕೆ ಹೊಯ್ಸಳರ ಗುಡಿ ಇದೆ. ನಮಗೆ ಸಂತೆ ಇತ್ತು. ಹೈದರಾಲಿ ಈ ಊರನ್ನು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆದು ಕೂರಿಸಿದ. ಊರು ಬೆಳೆಯಲು ಶುರುವಾಗಿದ್ದು ಅಲ್ಲಿಂದ. ಪೇಟೆಗಳ ಹೆಸರೇ ನೋಡಿ: ಮಂಡಿಪೇಟೆ, ಚೌಕಿಪೇಟೆ, ಕಾಯಿಪೇಟೆ. ಸುತ್ತ ಎರೆ ಭೂಮಿ, ಅದರಲ್ಲಿ ಹತ್ತಿ. ರೈಲು ಬಂತು, ಹತ್ತಿ ಹಿಂಜುವ ಜಿನ್ನಿಂಗ್ ಫ್ಯಾಕ್ಟರಿ ಬಂದವು, ಆಮೇಲೆ ದೊಡ್ಡ ಗಿರಣಿಗಳು. ದಾವಣಗೆರೆ ಕಾಟನ್ ಮಿಲ್, ಅಂದರೆ ನಾವು ಹೇಳುವ ಡಿಸಿಎಂ. ಗಣೇಶ ಮಿಲ್, ಶಂಕರ ಮಿಲ್, ಚಂದ್ರೋದಯ ಮಿಲ್, ಆಂಜನೇಯ ಮಿಲ್. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು ಸುಮ್ನೆ ಅಲ್ಲ.

ಆ ಕಾಲದ ಸಾಹುಕಾರರು ಕೈಗೆ ಬಂದಿದ್ದನ್ನೆಲ್ಲ ತಿಂದು ಕೂರಲಿಲ್ಲ. ರೈಲು ಇಳಿದವನಿಗೆ ಮಲಗಲು ಜಾಗ ಬೇಕು ಅಂತ ರಾಜನಹಳ್ಳಿ ಹನುಮಂತಪ್ಪನವರ ಛತ್ರ. ಹೆಣ್ಣುಮಕ್ಕಳು ಓದಬೇಕು ಅಂತ ರಾಜನಹಳ್ಳಿ ಸೀತಮ್ಮನವರ ಹೆಸರಲ್ಲಿ ಶಾಲೆ. ಮೋತಿ ವೀರಪ್ಪನವರ ಹೆಸರಲ್ಲಿ ಇನ್ನೊಂದು. ನಾನು ಸೀತಮ್ಮ ಶಾಲೆಯ ಓರಗೆಯ ಶಾಲೆಯಲ್ಲೇ 31 ವರ್ಷ ಪಾಠ ಮಾಡಿದವನು. ಎಷ್ಟು ಹುಡುಗಿಯರು ಅಲ್ಲಿಂದ ಟೀಚರ್, ನರ್ಸ್, ಗುಮಾಸ್ತೆ ಆಗಿ ಹೊರಬಂದರು ಅಂತ ಕಣ್ಣಾರೆ ಕಂಡಿದ್ದೇನೆ. ಚೌಕ ಬೇಕು. ನನ್ನ ಓಟು ಸ್ಟೇಷನ್ ಮುಂದಿನ ಜಾಗಕ್ಕೆ. ಛತ್ರ ಅಲ್ಲೇ ಇದೆ.

ಹಗೇದಿಬ್ಬ · 9.58

ಮೇಷ್ಟ್ರೇ, ಹೆಸರಿನ ವಿಷಯ ಬಂತಲ್ಲ. ನಮ್ಮ ಹಗೇದಿಬ್ಬ ಸರ್ಕಲ್ಲನ್ನು ಇವತ್ತಿನ ಹುಡುಗರು ಹಗೆತನ, ಜಗಳ ಅಂತ ತಿಳಿದಿದ್ದಾರೆ. ಹಗೇವು ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ. ಕಣಜದ ಊರು ಇದು. ನಮಗೆ ಸರ್ಕಲ್ ಹೆಸರು ಹುಟ್ಟುವುದೇ ಹೊಟ್ಟೆಪಾಡಿನಿಂದ ನೋಡಿ. ಅರುಣಾ ಸರ್ಕಲ್ ಅಂದರೆ ಟಾಕೀಸು. ರಾಮ್ ಅಂಡ್ ಕೋ ಸರ್ಕಲ್ ಅಂದರೆ ಅಂಗಡಿ. ಯಾವ ಕೌನ್ಸಿಲೂ ಠರಾವು ಮಾಡಿ ಇಟ್ಟ ಹೆಸರಲ್ಲ, ಜನ ಕರೆದರು, ನಿಂತಿತು.

ಬೆಂಗಳೂರಲ್ಲಿ ಬಾಡಿಗೆ · 10.05

ಹಾಗೇ ಜಯದೇವ ಸರ್ಕಲ್. ಅದೂ ಯಾವುದೋ ಮಿಲ್ ಓನರ್ ಹೆಸರು ಅಲ್ವಾ?

ರಿಟೈರ್ಡ್ ಮೇಷ್ಟ್ರು · 10.07

ಅಯ್ಯೋ ರಾಮ. ಅದು ಚಿತ್ರದುರ್ಗ ಬೃಹನ್ಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು. ಊರೂರಲ್ಲಿ ಬಡ ಹುಡುಗರಿಗೆ ವಿದ್ಯಾರ್ಥಿ ನಿಲಯ ಮಾಡಿಸಿದವರು. ಜೆ.ಜೆ.ಎಂ. ಮೆಡಿಕಲ್ ಕಾಲೇಜಿನ ಜೆ.ಜೆ.ಎಂ. ಕೂಡ ಅವರೇ, ಜಗದ್ಗುರು ಜಯದೇವ ಮುರುಘರಾಜೇಂದ್ರ. ಬೆಂಗಳೂರಿನ ಬಾಡಿಗೆ ಕಟ್ಟಿ ಕಟ್ಟಿ ಊರು ಮರೆತೆಯಾ?

ಬೆಂಗಳೂರಲ್ಲಿ ಬಾಡಿಗೆ · 10.08

ತಪ್ಪಾಯ್ತು ಸರ್. ಬೆಂಚಿನ ಮೇಲೆ ನಿಲ್ಲುತ್ತೇನೆ.

ಕೋಟೆನಾಡಿನವ · 10.15

ನೋಡಿ, ನಿಮ್ಮ ಸರ್ಕಲ್ಲಿಗೂ ನಿಮ್ಮ ಮೆಡಿಕಲ್ ಕಾಲೇಜಿಗೂ ಹೆಸರು ನಮ್ಮ ದುರ್ಗದ್ದು. 1997ರ ಆಗಸ್ಟ್ 15ರವರೆಗೂ ನೀವೂ ಚಿತ್ರದುರ್ಗ ಜಿಲ್ಲೆಯವರೇ. ಜಿಲ್ಲೆ ಬೇರೆ ಆಯಿತು, ಜಂಬ ಜಾಸ್ತಿ ಆಯಿತು.

ಖಾರ ಮಂಡಕ್ಕಿ · 10.16

ಕೋಟೆ ನಿಮಗೆ, ದೋಸೆ ನಮಗೆ. ಪಾಲು ಸರಿಯಾಗೇ ಆಗಿದೆ.

ಬಿಲ್ಲೆ ನಂಬರ್ 417 · 10.40

ಎಲ್ಲರ ಮಾತೂ ಓದಿದೆ. ನನ್ನದೊಂದು ತಕರಾರು ಇದೆ.

ನಮ್ಮಪ್ಪ 26 ವರ್ಷ ಗಿರಣಿಯಲ್ಲಿ ದುಡಿದರು. ಯಾವ ಗಿರಣಿ ಅಂತ ಹೇಳುವುದಿಲ್ಲ. ಬದಲಿ ಕೆಲಸಗಾರ ಅಂತ ಸೇರಿ, ಗೇಟಿನ ಮುಂದೆ ದಿನಾ ನಿಂತು, ಯಾರಾದರೂ ರಜೆ ಹಾಕಿದರೆ ಮಾತ್ರ ಒಳಗೆ. ಹಾಗೆ ನಾಲ್ಕು ವರ್ಷ. ಆಮೇಲೆ ರಿಂಗ್ ಫ್ರೇಮಿನಲ್ಲಿ, ಅಂದರೆ ನೂಲು ತೆಗೆಯುವ ಮಿಷನ್ನಿನಲ್ಲಿ, ಸೈಡರ್. ಸೈಡರ್ ಅಂದರೆ ಉದ್ದಕ್ಕೆ ಸಾಲಾಗಿ ತಿರುಗುವ ಕದಿರುಗಳ ಮುಂದೆ ಎಂಟು ಗಂಟೆ ಅತ್ತಿಂದಿತ್ತ ನಡೆಯುತ್ತಾ ಹರಿದ ನೂಲನ್ನು ಬೆರಳಲ್ಲೇ ಹೊಸೆದು ಸೇರಿಸುವುದು. ಮಿಷನ್ ನಿಲ್ಲಿಸುವ ಹಾಗಿಲ್ಲ. ಅಪ್ಪನ ಬಲಗೈ ಹೆಬ್ಬೆರಳಿನ ತುದಿ ನುಣ್ಣಗೆ ಗಾಜಿನ ಹಾಗಿತ್ತು. ಆಧಾರ್ ಮಾಡಿಸುವಾಗ ಬೆರಳಚ್ಚೇ ಬೀಳಲಿಲ್ಲ. ಆ ಹುಡುಗ ಮೂರು ಸಲ ಒರೆಸಿ ಒರೆಸಿ ಇಟ್ಟ.

ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬು, ಕಿವಿ, ಮೂಗಿನ ಕೂದಲಿಗೆಲ್ಲ ಹತ್ತಿ. ಅಮ್ಮ ಬಾಗಿಲಲ್ಲೇ ಒಂದು ತುಂಡು ಬೆಲ್ಲ ಕೊಡುತ್ತಿದ್ದಳು, ಧೂಳು ಇಳಿಯಲಿ ಅಂತ. ಸೋಮವಾರ ಮಾತ್ರ ಅಪ್ಪನಿಗೆ ಎದೆ ಬಿಗಿಯುತ್ತಿತ್ತು. ವಾರದ ರಜೆ ಮುಗಿಸಿ ಮತ್ತೆ ಧೂಳಿಗೆ ಹೋದ ದಿನ. ಹತ್ತಿ ಧೂಳಿನ ಕಾಯಿಲೆಯ ಗುರುತೇ ಅದು ಅಂತ ಬಹಳ ಕಾಲದ ಮೇಲೆ ಡಾಕ್ಟರು ಹೇಳಿದರು. ನಾವು ಸೋಮವಾರದ ಸೋಮಾರಿತನ ಅಂತ ತಮಾಷೆ ಮಾಡುತ್ತಿದ್ದೆವು.

ಗಿರಣಿ ಒಂದು ದಿನ ಬೀಗ ಹಾಕಿತು. ಬಾಕಿ ಪೂರ್ತಿ ಬರಲಿಲ್ಲ. ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಗೇಟಿನಲ್ಲಿ ತೋರಿಸುವ ಹಿತ್ತಾಳೆ ಬಿಲ್ಲೆ. ಮೇಲ್ಗಡೆ ಒಂದು ತೂತು, ನಡುವೆ 417. ಹೆಸರಿಲ್ಲ.

ನೀವು ಸಾಹುಕಾರರ ಹೆಸರು ಇನಿಷಿಯಲ್ ಆಗಿದೆ ಅಂತ ಕೊರಗುತ್ತಿದ್ದೀರಿ. ನಮ್ಮಪ್ಪ ನಂಬರ್ ಆಗಿದ್ದರು. ಚೌಕದಲ್ಲಿ ಅದಕ್ಕೆ ಜಾಗ ಎಲ್ಲಿ?

ಮಂಡಿಪೇಟೆ ಮೊಮ್ಮಗ · 10.49

ಅಕ್ಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೈಸ್ಕೂಲ್ ಫೀಲ್ಡ್ · 10.55

ಉತ್ತರ ಇದೆ. ಗಿರಣಿ ಇಲ್ಲದಿದ್ದರೆ ಅಪ್ಪನಿಗೆ ಆ ಕೆಲಸವೂ ಇರುತ್ತಿರಲಿಲ್ಲ ಅಲ್ವಾ? ಬಂಡವಾಳ ಹಾಕಿದವನು, ಸಾಲ ತಂದವನು, ಮುಳುಗಿದರೆ ಮುಳುಗಿದವನು ಯಾರು? ಕೆಲಸಗಾರರಿಗೆ ಗೌರವ ಇರಲಿ. ಆದರೆ ಎಲ್ಲದಕ್ಕೂ ಶೋಷಣೆ ಅನ್ನುವ ಹಾಡು ಬೇಡ. ಊರಲ್ಲಿ ಮೆಡಿಕಲ್ ಕಾಲೇಜು 1965ರಲ್ಲೇ ಬಂತು, ಇಂಜಿನಿಯರಿಂಗ್ ಕಾಲೇಜು 1979ರಲ್ಲಿ ಬಂತು. ಅದಕ್ಕೂ ಮೊದಲು, 1958ರಲ್ಲಿ, ಬಾಪೂಜಿ ವಿದ್ಯಾಸಂಸ್ಥೆ ಕಟ್ಟಿದರು. ಸರ್ಕಾರ ಬಂದು ಕಟ್ಟಿಕೊಡಲಿ ಅಂತ ಕಾದಿದ್ದರೆ ಇವತ್ತಿಗೂ ಕಾಯುತ್ತಿದ್ದೆವು.

ಬಿಲ್ಲೆ ನಂಬರ್ 417 · 11.01

ನಾನು ಶೋಷಣೆ ಅನ್ನುವ ಪದವನ್ನೇ ಬಳಸಿಲ್ಲ ಅಣ್ಣ. ನೀವೇ ಬಳಸಿದಿರಿ.

ಹೈಸ್ಕೂಲ್ ಫೀಲ್ಡ್ · 11.03

ಸರಿ ಸರಿ.

ಕೆಂಪು ಅಂಗಿ · 11.20

ಕೆಲಸಗಾರರ ಮಾತು ಬಂದ ಮೇಲೆ ಕಾಮ್ರೇಡ್ ಪಂಪಾಪತಿ ಹೆಸರು ಬರಲೇಬೇಕು. ಗಿರಣಿ ಕಾರ್ಮಿಕರ ನಡುವಿನಿಂದ ಬಂದ ನಾಯಕ. ಸಿಪಿಐನಿಂದ ಮೂರು ಸಲ ಶಾಸಕ, ನಗರಸಭೆ ಅಧ್ಯಕ್ಷರೂ ಆಗಿದ್ದರು. ಇಷ್ಟು ಸಾಹುಕಾರರಿದ್ದ ಊರು ಕೆಂಪು ಬಾವುಟದವನನ್ನು ಆರಿಸಿ ಕಳಿಸುತ್ತಿತ್ತು. ಅದೇ ದಾವಣಗೆರೆಯ ಸ್ವಾರಸ್ಯ. ಚೌಕದಲ್ಲಿ ಒಂದು ಕಡೆ ಸಾಹುಕಾರರು, ಎದುರಿಗೆ ಪಂಪಾಪತಿ. ಬದುಕಿದ್ದಾಗ ಹೇಗಿದ್ದರೋ ಹಾಗೇ ಇರಲಿ.

ಅಶೋಕ ಗೇಟ್ ಸಂತ್ರಸ್ತ · 11.24

ಎದುರುಬದುರು ನಿಲ್ಲಿಸಿದರೆ ನಡುವೆ ಟ್ರಾಫಿಕ್ ಹೇಗೆ ಹೋಗುತ್ತೆ?

ಹರಿಹರದ ಲೇತ್ · ಶನಿವಾರ ಬೆಳಿಗ್ಗೆ 6.45

ದಾವಣಗೆರೆಯವರ ಪಟ್ಟಿಯಲ್ಲಿ ಕಿರ್ಲೋಸ್ಕರ್ ಇನ್ನೂ ಬಂದಿಲ್ಲ, ಆಶ್ಚರ್ಯ. ಸಾಮಾನ್ಯವಾಗಿ ಅದನ್ನೂ ನಮ್ಮದು ಅನ್ನುತ್ತಾರೆ. ಮೊದಲೇ ಹೇಳಿಬಿಡುತ್ತೇನೆ: ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹುಟ್ಟಿದ್ದು ಹರಿಹರದಲ್ಲಿ. ನಮ್ಮ ಲೇತ್ ಮಿಷನ್ ಇಲ್ಲದ ವರ್ಕ್‌ಶಾಪ್ ಇರಲಿಲ್ಲ. ಪಾಲಿಫೈಬರ್ಸ್ ಕಾರ್ಖಾನೆ ಅಂತೂ ಹೊಳೆ ಆಚೆ, ಕುಮಾರಪಟ್ಟಣಂ. ಅದು ಹಾವೇರಿ ಜಿಲ್ಲೆ. ಹೆಸರಲ್ಲಿ ಹರಿಹರ ಇದೆ ಅಂತ ನಾವೇ ಅದನ್ನು ನಮ್ಮದು ಅನ್ನುತ್ತೇವೆ, ಅದು ಬೇರೆ ಮಾತು.

ಇನ್ನೊಂದು. ರಾಜನಹಳ್ಳಿ ರಾಜನಹಳ್ಳಿ ಅನ್ನುತ್ತಿದ್ದೀರಲ್ಲ, ಆ ಊರು ನಮ್ಮ ತಾಲ್ಲೂಕು. ನೀವು ಕುಡಿಯುವ ತುಂಗಭದ್ರೆ ನೀರನ್ನು ಎತ್ತುವುದೂ ಅದೇ ರಾಜನಹಳ್ಳಿಯಿಂದ.

ಮಂಡಿಪೇಟೆ ಮೊಮ್ಮಗ · 7.02

ನಲ್ಲಿ ತಿರುಗಿಸಿದಾಗಲೆಲ್ಲ ಕೈ ಮುಗಿಯುತ್ತೇವೆ ಬಿಡಿ. ಬಂದಾಗ.

ಜಗಳೂರು ಕಡೆಯವ · 8.30

ನಾನು ಮಾತಾಡಬಾರದು ಅಂತಿದ್ದೆ. ಮೊಮ್ಮಗ ಮಂಡಿಪೇಟೆ ಅಂತ ಹೆಸರು ಇಟ್ಟುಕೊಂಡಿದ್ದಾನೆ, ಅದಕ್ಕೆ ಬರೆಯುತ್ತೇನೆ.

ನಮ್ಮಜ್ಜ ಗಾಡಿ ಕಟ್ಟಿಕೊಂಡು ದಾವಣಗೆರೆ ಮಂಡಿಗೆ ಹತ್ತಿ, ಶೇಂಗಾ ಹಾಕುತ್ತಿದ್ದರು. ರಾತ್ರಿ ಊಟ ಮಾಡಿ ಹೊರಟರೆ ಬೆಳಗಿನ ಜಾವ ತಲುಪುವುದು. ದಲಾಲಿ ಅಂಗಡಿಯವರು ಕೊಟ್ಟ ಪಟ್ಟಿಗಳನ್ನೆಲ್ಲ ಅಜ್ಜ ಒಂದು ಕಬ್ಬಿಣದ ತಂತಿಗೆ ಚುಚ್ಚಿ ತೊಲೆಗೆ ನೇತುಹಾಕಿದ್ದರು. ಅವರು ಹೋದ ಮೇಲೆ ಇಳಿಸಿದೆ. ಅರ್ಧ ಇಲಿ ತಿಂದಿದ್ದವು. ಉಳಿದದ್ದನ್ನು ಕೂತು ಓದಿದೆ.

ಮೇಲೆ ಚೀಲ, ತೂಕ, ದರ. ಕೆಳಗೆ ಕಡಿತ. ದಲಾಲಿ, ಹಮಾಲಿ, ತೂಕದವನಿಗೆ, ಸ್ಯಾಂಪಲ್ಲು. ಕೊನೆಯಲ್ಲಿ ಒಂದು ಸಾಲು: ಧರ್ಮ. ಅದರ ಮುಂದೆ ಆಣೆ ಲೆಕ್ಕ. ಪ್ರತಿ ಪಟ್ಟಿಯಲ್ಲೂ ಇದೆ. ಅಜ್ಜ ಯಾವ ಧರ್ಮ ಮಾಡಿದ್ದರು? ಯಾರೂ ಅವರನ್ನು ಕೇಳಿ ಹಿಡಿದಿದ್ದಲ್ಲ. ರೈತನ ದುಡ್ಡಲ್ಲಿ ಹಿಡಿದು, ಒಟ್ಟು ಮಾಡಿ, ಅದರಿಂದ ಅರವಟ್ಟಿಗೆ, ಗುಡಿ, ಛತ್ರ, ಶಾಲೆಗೆ ಕೊಡುವುದು ಆಗಿನ ಪೇಟೆ ಪದ್ಧತಿ. ಇದು ದಾವಣಗೆರೆ ಒಂದರದೇ ಅಲ್ಲ, ಹುಬ್ಬಳ್ಳಿ ಕಡೆಯೂ ಮುಂಬೈ ಕಡೆಯೂ ಇತ್ತು.

ಎಲ್ಲ ದಾನವೂ ಹಾಗೇ ಬಂತು ಅನ್ನುತ್ತಿಲ್ಲ. ಸ್ವಂತ ಗಂಟು ಬಿಚ್ಚಿ ಕೊಟ್ಟವರು ಇದ್ದರು, ಅವರಿಗೆ ನಮಸ್ಕಾರ. ಆದರೆ ದಾನಿಗಳ ಹೆಸರು ಬರೆಯುವಾಗ ಆ ಎರಡಾಣೆಯನ್ನೂ ನೆನೆಸಿಕೊಳ್ಳಿ. ಆ ಆಣೆಗೆ ಹೆಸರೇ ಇಲ್ಲ.

ಮಂಡಿಪೇಟೆ ಮೊಮ್ಮಗ · 8.47

ಅಣ್ಣಾ, ಸುಳ್ಳು ಹೇಳುವುದಿಲ್ಲ. ನಮ್ಮಜ್ಜ ಅಂಥದೇ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಆ ಪಟ್ಟಿ ಬರೆಯುತ್ತಿದ್ದುದೇ ಅವರ ಕೈ. "ಧರ್ಮದ ಡಬ್ಬಿ" ಅಂತ ಅಂಗಡಿಯಲ್ಲಿ ಬೇರೆ ಡಬ್ಬಿ ಇತ್ತು, ಅದಕ್ಕೆ ಬೇರೆ ಖಾತೆ ಇತ್ತು ಅಂತ ಹೇಳುತ್ತಿದ್ದರು. ಒಂದು ಆಣೆ ಅತ್ತಿತ್ತ ಆದರೆ ಸಾಹುಕಾರರು ಊಟಕ್ಕೆ ಏಳುತ್ತಿರಲಿಲ್ಲವಂತೆ. ಆ ದುಡ್ಡು ರೈತನದ್ದು ಅಂತ ಅಜ್ಜ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕರಿಕೋಟು · 9.15

ಧರ್ಮದ ಕಡಿತ ಹಾಗೆ ಬೇಕಾಬಿಟ್ಟಿ ಹಿಡಿಯುವುದಕ್ಕೆ ಎಪಿಎಂಸಿ ಕಾನೂನು ಕಡಿವಾಣ ಹಾಕಿತು. ರಾಜ್ಯದ ಕಾಯ್ದೆ 1966ರದ್ದು. ಅದು ಹಳೇ ಮಾತು.

ಈಗಿನ ಮಾತು ಹೇಳುತ್ತೇನೆ. ಯಾರಾದರೂ ಪ್ರತಿಮೆ ಕನಸು ಕಾಣುತ್ತಿದ್ದರೆ ಬಿಟ್ಟುಬಿಡಿ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ. ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆ ಬದಿಯಲ್ಲಿ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಸರ್ಕಾರಗಳು ಅನುಮತಿ ಕೊಡುವ ಹಾಗಿಲ್ಲ. ಬೀದಿದೀಪ, ಟ್ರಾಫಿಕ್ ಕೆಲಸ, ರಸ್ತೆ ಅಂದ ಮಾಡುವ ಕೆಲಸ, ಜನರ ಅನುಕೂಲದ ಕೆಲಸಕ್ಕೆ ಅಡ್ಡಿ ಇಲ್ಲ. ಅಂದರೆ ನಿಮ್ಮ ಬೆಂಚಿಗೆ ದಾರಿ ಇದೆ, ಪ್ರತಿಮೆಗೆ ಇಲ್ಲ.

ಹಗೇದಿಬ್ಬ · 9.19

ಆದೇಶ ಬಂದ ಮೇಲೂ ಎಷ್ಟೋ ಊರಲ್ಲಿ ರಾತ್ರೋರಾತ್ರಿ ಪ್ರತಿಮೆ ಎದ್ದಿವೆ ವಕೀಲರೇ.

ಕರಿಕೋಟು · 9.20

ಎದ್ದಿವೆ. ಆಮೇಲೆ ನಮ್ಮ ಹತ್ತಿರ ಬರುತ್ತಾರೆ. ನನ್ನ ಹೊಟ್ಟೆಪಾಡು.

ಪಿ.ಜೆ. ಬಡಾವಣೆ ಅಕ್ಕ · 9.41

ಪ್ರತಿಮೆ ಬೇಡವೇ ಬೇಡ. ಒಬ್ಬರದ್ದು ಇಟ್ಟರೆ ಇನ್ನೊಬ್ಬರ ಜಾತಿಯವರು ಬರುತ್ತಾರೆ. ಲಿಂಗಾಯತ ದಾನಿ ಎಷ್ಟು, ಶೆಟ್ಟರು ಎಷ್ಟು, ಸಾಬರು ಎಷ್ಟು ಅಂತ ಲೆಕ್ಕ ಶುರು. ಎತ್ತರದ್ದೂ ಲೆಕ್ಕ. ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು, ನಾನು ಹೇಳಿದೆ.

ಖಾರ ಮಂಡಕ್ಕಿ · 9.44

ಹಾಗಾದರೆ ಎಲ್ಲ ಜಾತಿಯವರೂ ಒಪ್ಪುವ ಒಬ್ಬರೇ ಇರುವುದು. ಬೆಣ್ಣೆ ದೋಸೆ ಚನ್ನಮ್ಮ.

ಬೆಂಗಳೂರಲ್ಲಿ ಬಾಡಿಗೆ · 9.46

ರಾಣಿ ಚೆನ್ನಮ್ಮ ಸರ್ಕಲ್ ಇದೆಯಲ್ಲ?

ಖಾರ ಮಂಡಕ್ಕಿ · 9.50

ಇವನನ್ನು ಯಾರಾದರೂ ಮತ್ತೆ ಬೆಂಚಿನ ಮೇಲೆ ನಿಲ್ಲಿಸಿ. ಕಿತ್ತೂರಿನವರಲ್ಲ, ದೋಸೆಯವರು. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು 1928ರಲ್ಲಿ ಈ ಊರಿಗೆ ಬಂದರು, ನಾಟಕದ ಥಿಯೇಟರಿನ ಹತ್ತಿರ ದೋಸೆ ಹಾಕಿ ಮಾರಿದರು ಅಂತ ಹೇಳುತ್ತಾರೆ. ಆಗ ರಾಗಿ ಹಿಟ್ಟಿನ ದೋಸೆಯಂತೆ. ಅಕ್ಕಿ, ಮಂಡಕ್ಕಿ ಹಾಕಿ ಬೆಣ್ಣೆ ಸುರಿದಿದ್ದು ಮಕ್ಕಳ ಕಾಲಕ್ಕೆ. ಗಿರಣಿಗಳು ಮುಚ್ಚಿದವು, ಜಿನ್ನಿಂಗ್ ಹೋಯಿತು. ಈ ಹೆಂಗಸಿನ ಕಾವಲಿ ಮಾತ್ರ ಇವತ್ತಿಗೂ ಆರಿಲ್ಲ. ಉದ್ಯಮಿ ಅಂದರೆ ಇವರಲ್ಲದೆ ಇನ್ಯಾರು? ಸೌದೆ ಒಲೆ ಮೇಲೆ ಕಟ್ಟಿದ ಇಂಡಸ್ಟ್ರಿ.

ರಿಟೈರ್ಡ್ ಮೇಷ್ಟ್ರು · 10.02

ತಮಾಷೆಗೆ ಬರೆದಿದ್ದಾನೆ, ಆದರೆ ಮಾತು ಸರಿ ಇದೆ. ನಮ್ಮ ಪಟ್ಟಿಯಲ್ಲಿ ಹೆಂಗಸರ ಹೆಸರು ಬಂದಿದ್ದೆಲ್ಲ ಅವರ ಹೆಸರಲ್ಲಿ ಗಂಡಸರು ಕಟ್ಟಿಸಿದ ಶಾಲೆಯಿಂದ. ಸ್ವಂತ ದುಡಿಮೆಯಿಂದ ಬಂದ ಹೆಸರು ಇದೊಂದೇ. ಮಂಡಕ್ಕಿ ಭಟ್ಟಿಗಳಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯುವ ಹೆಂಗಸರನ್ನು ಲೆಕ್ಕಕ್ಕೇ ಹಿಡಿದಿಲ್ಲ ನಾವು. ಆ ಸೆಖೆಯಲ್ಲಿ ಐದು ನಿಮಿಷ ನಿಂತು ನೋಡಿ ಗೊತ್ತಾಗುತ್ತದೆ.

ತೋಳಹುಣಸೆ ಹಾಸ್ಟೆಲ್ · 11.10

ನಾನು ಯೂನಿವರ್ಸಿಟಿ ಹುಡುಗ. ಒಂದು ಪ್ರಶ್ನೆ. ಇಷ್ಟು ಗಿರಣಿ ಇದ್ದವು ಅನ್ನುತ್ತೀರಿ, ಮುಚ್ಚಿದ್ದು ಏಕೆ? ನಮ್ಮ ಕಡೆ ಎಲ್ಲಮ್ಮ ಮಿಲ್ ಅಂತ ಹೇಳುತ್ತಾರೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ.

ರಿಂಗ್ ಫ್ರೇಮ್ ಫಿಟ್ಟರ್ · 11.48

ನಾನು ಮಿಷನ್ ಫಿಟ್ಟರ್ ಆಗಿದ್ದವನು, ಹೇಳುತ್ತೇನೆ. ಸ್ಟ್ರೈಕಿನಿಂದ ಮುಚ್ಚಿತು ಅಂತ ಮಾಲೀಕರ ಕಡೆಯವರು, ಮಾಲೀಕರು ದುಡ್ಡು ಬೇರೆ ಕಡೆ ಸಾಗಿಸಿದರು ಅಂತ ಯೂನಿಯನ್ ಕಡೆಯವರು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇರಬಹುದು. ನಾನು ನೋಡಿದ್ದು ಮಿಷನ್ನು.

ಮಿಷನ್‌ಗಳು ಮುದುಕ ಆಗಿದ್ದವು. ಬೇರಿಂಗ್ ಹೋದರೆ ಹೊಸದು ಸಿಗುತ್ತಿರಲಿಲ್ಲ, ಇನ್ನೊಂದು ಕೆಟ್ಟ ಫ್ರೇಮಿನಿಂದ ಕಿತ್ತು ಹಾಕುತ್ತಿದ್ದೆವು. ಕರೆಂಟು ಹೋದರೆ ಎಲ್ಲ ಕದಿರಿನ ನೂಲೂ ಒಟ್ಟಿಗೆ ಹರಿಯುತ್ತದೆ. ಮತ್ತೆ ಒಂದೊಂದಾಗಿ ಸೇರಿಸಬೇಕು, ಪಾಳಿ ಅರ್ಧ ಅದರಲ್ಲೇ ಹೋಗುತ್ತದೆ. ಅತ್ತ ಪವರ್‌ಲೂಮ್‌ನವರು ಶೆಡ್ಡಲ್ಲಿ ಕಡಿಮೆ ಕೂಲಿಗೆ ಬಟ್ಟೆ ನೇಯ್ದು ಕೊಟ್ಟರು. ಪಂಚೆ, ಸೀರೆ ಬಿಟ್ಟು ಜನ ಪಾಲಿಯೆಸ್ಟರ್ ಹಿಂದೆ ಹೋದರು. ಮುಂಬೈಯಲ್ಲಿ 1982ರ ಸ್ಟ್ರೈಕಿನ ಮೇಲೆ ಅಷ್ಟು ದೊಡ್ಡ ಗಿರಣಿಗಳೇ ಏಳಲಿಲ್ಲ, ನಮ್ಮವು ಎಷ್ಟರವು?

ಎಲ್ಲಮ್ಮ ಮಿಲ್ ಅದಕ್ಕೂ ಮೊದಲೇ ಕಾಯಿಲೆ ಬಿದ್ದಿತ್ತು. 1974ರಲ್ಲಿ ಕೇಂದ್ರ ಸರ್ಕಾರ ದೇಶದ 103 ಗಿರಣಿಗಳನ್ನು ಕಾಯ್ದೆ ಮಾಡಿ ತೆಗೆದುಕೊಂಡಿತಲ್ಲ, ಅದರಲ್ಲಿ ತೋಳಹುಣಸೆಯದ್ದೂ ಒಂದು. ಎನ್‌ಟಿಸಿಗೆ, ಅಂದರೆ ಕೇಂದ್ರದ ರಾಷ್ಟ್ರೀಯ ಜವಳಿ ನಿಗಮಕ್ಕೆ, ಹೋಯಿತು.

ಉಳಿದ ಗಿರಣಿಗಳ ಜಾಗ ಈಗ ಸೈಟು. ಮನೆ ವಿಳಾಸದಲ್ಲಿ ಮಿಲ್ ಹೆಸರು ಇರುತ್ತದೆ. ಕೊರಿಯರ್ ಹುಡುಗ "ಮಿಲ್ ಎಲ್ಲಿದೆ ಅಂಕಲ್?" ಎಂದು ಕೇಳುತ್ತಾನೆ. ನೀನು ನಿಂತಿರುವುದೇ ಮಿಲ್ಲಿನ ಕಾರ್ಡಿಂಗ್ ಖಾತೆಯಲ್ಲಿ, ಹತ್ತಿ ಬಾಚುತ್ತಿದ್ದ ಜಾಗದಲ್ಲಿ ಅಂತ ಹೇಳುತ್ತೇನೆ, ಅವನಿಗೆ ಅರ್ಥ ಆಗುವುದಿಲ್ಲ.

ಬಿಲ್ಲೆ ನಂಬರ್ 417 · 12.05

ಫಿಟ್ಟರ್ ಅಣ್ಣಾ, ಕೂಗು ನೆನಪಿದೆಯಾ? ಪಾಳಿ ಬದಲಾಗುವಾಗ ಮಿಲ್ಲಿನ ಸೈರನ್ ಕೂಗುತ್ತಿತ್ತಲ್ಲ, ಅದು.

ರಿಂಗ್ ಫ್ರೇಮ್ ಫಿಟ್ಟರ್ · 12.11

ಮರೆಯಲು ಆಗುತ್ತದಾ ತಾಯಿ. ಒಂದೊಂದು ಮಿಲ್ಲಿನದ್ದು ಒಂದೊಂದು ದನಿ. ನಮ್ಮದು ಸ್ವಲ್ಪ ಗೊಗ್ಗರು. ನನ್ನ ಹೆಂಡತಿ ಎರಡನೇ ಕೂಗಿಗೆ ಅನ್ನಕ್ಕೆ ಎಸರು ಇಡುತ್ತಿದ್ದಳು. ಮಿಲ್ಲು ನಿಂತ ಮೇಲೆ ಕೆಲವು ದಿನ ಮನೆಯಲ್ಲಿ ಊಟವೇ ಹೊತ್ತು ತಪ್ಪಿತು. ಕೊನೆಗೆ ಗಡಿಯಾರ ತಂದೆವು.

ಹೈಸ್ಕೂಲ್ ಫೀಲ್ಡ್ · 12.30

ನಿನ್ನೆ ರಾತ್ರಿ ಸ್ವಲ್ಪ ಜೋರಾಗಿ ಬರೆದೆ. 417 ಅಕ್ಕನವರು ಬೇಜಾರು ಮಾಡಿಕೊಳ್ಳಬಾರದು. ನಮ್ಮ ತಾತನೂ ಒಂದು ಗಿರಣಿಯಲ್ಲಿ ಶೇರು ಹಾಕಿ ಕಳೆದುಕೊಂಡವರು. ಆ ಶೇರು ಕಾಗದ ಇನ್ನೂ ಬೀರುವಿನಲ್ಲಿ ಇದೆ. ಚೆನ್ನಾಗಿ ಪ್ರಿಂಟ್ ಮಾಡಿದ್ದಾರೆ, ಅಂಚಿಗೆ ಹೂಬಳ್ಳಿ. ಬೆಲೆ ಸೊನ್ನೆ.

ಹೀಗೆ ಮಾಡಿದರೆ ಹೇಗೆ? ಹೆಸರುಗಳ ಗೋಡೆ ಬೇಡ. ಚೌಕದ ನಡುವೆ ಒಂದು ರಿಂಗ್ ಫ್ರೇಮ್. ನಿಜವಾದದ್ದು, ಗುಜರಿಯಿಂದ ತಂದದ್ದಾದರೂ ಸರಿ. ಸುತ್ತ ಕಲ್ಲಿನ ಮೇಲೆ ದಾನಿಗಳ ಪೂರ್ತಿ ಹೆಸರು, ಏನು ಕಟ್ಟಿಸಿದರು, ಅಷ್ಟೇ.

ಜಗಳೂರು ಕಡೆಯವ · 12.38

ಮತ್ತೆ ಎರಡಾಣೆ?

ಹೈಸ್ಕೂಲ್ ಫೀಲ್ಡ್ · 12.40

ಅಜ್ಜನ ಒಂದು ಪಟ್ಟಿಯನ್ನು ಹಾಗೇ ದೊಡ್ಡದು ಮಾಡಿ ಕಲ್ಲಲ್ಲಿ ಕೆತ್ತಿಸೋಣ. ದಲಾಲಿ, ಹಮಾಲಿ, ಧರ್ಮ, ಎಲ್ಲ ಸೇರಿ. ಇಲಿ ತಿಂದ ಅಂಚು ಸಮೇತ.

ಜಗಳೂರು ಕಡೆಯವ · 12.41

ಇದಕ್ಕೆ ನನ್ನ ಒಪ್ಪಿಗೆ ಇದೆ. ಅಂಗಡಿ ಹೆಸರು ಮಾತ್ರ ಅಳಿಸಿ ಕೊಡುತ್ತೇನೆ. ಅವರ ಮೊಮ್ಮಕ್ಕಳು ಈಗಲೂ ಇದ್ದಾರೆ, ಒಳ್ಳೆಯವರು.

ಅಶೋಕ ಗೇಟ್ ಸಂತ್ರಸ್ತ · 12.55

ಎಲ್ಲ ಸರಿ. ದುಡ್ಡು ಯಾರು ಕೊಡುತ್ತಾರೆ? 2016ರಲ್ಲಿ ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯ 20 ಊರಲ್ಲಿ ನಮ್ಮದೂ ಬಂತು. ಆಗ ಯಾರಿಗೂ ಈ ಯೋಚನೆ ಬರಲಿಲ್ಲ. ಈಗ ಮತ್ತೆ ದಾನಿಗಳನ್ನೇ ಹುಡುಕಬೇಕು. ದಾನಿಗಳ ಚೌಕಕ್ಕೆ ದಾನಿಗಳು. ಅವರ ಹೆಸರು ಎಲ್ಲಿ ಬರೆಯುತ್ತೀರಿ, ಬೆಂಚಿನ ಬೆನ್ನಿಗಾ?

ಪಿ.ಜೆ. ಬಡಾವಣೆ ಅಕ್ಕ · 1.03

ಬಸ್ ಸ್ಟಾಂಡಿನ ಸಿಮೆಂಟ್ ಬೆಂಚಿನ ಮೇಲೆ ಬರೆಯುತ್ತಾರಲ್ಲ, ಇಂಥವರ ಸ್ಮರಣಾರ್ಥ ಅಂತ. ಕೂತರೆ ಹೆಸರು ಬೆನ್ನಿಗೆ ಒತ್ತುತ್ತದೆ.

ರಿಟೈರ್ಡ್ ಮೇಷ್ಟ್ರು · 1.20

ಚೌಕ ಆಗುವಾಗ ಆಗಲಿ. ಅಷ್ಟರೊಳಗೆ ಇರುವ ಕಲ್ಲುಗಳೇ ಹೋಗುತ್ತಿವೆ. ಹಳೇ ಕಟ್ಟಡಗಳ ದಾನಶಾಸನದ ಮೇಲೆ ಪ್ರತಿ ದೀಪಾವಳಿಗೆ ಸುಣ್ಣ ಬಳಿಯುತ್ತಾರೆ. ಒಂದು ಕಡೆಯಂತೂ ಕಲ್ಲಿನ ಮೇಲೆ ಸ್ವಿಚ್ ಬೋರ್ಡ್ ಕೂರಿಸಿದ್ದಾರೆ. ದಾನಿಯ ಹೆಸರಿನ ನಡುವಿನ ಮೂರಕ್ಷರ ಬೋರ್ಡಿನ ಹಿಂದೆ. ಉಳಿದದ್ದು "ಶ್ರೀಮಾನ್" ಮತ್ತು "ಶೆಟ್ಟರು".

ನಾಳೆ ಭಾನುವಾರ. ಛತ್ರದಿಂದ ಶುರು ಮಾಡಿ ಚೌಕಿಪೇಟೆವರೆಗೆ ನಡೆಯೋಣ. ಕಂಡ ಕಲ್ಲನ್ನೆಲ್ಲ ಫೋಟೋ ತೆಗೆದು, ಪೂರ್ತಿ ಓದಿ, ಇಲ್ಲೇ ಹಾಕೋಣ. ಖರ್ಚಿಲ್ಲ, ಕೋರ್ಟಿನ ಅಡ್ಡಿಯೂ ಇಲ್ಲ.

ಕರಿಕೋಟು · 1.22

ಒಳಗೆ ಹೋಗುವ ಮುಂಚೆ ವಾಚ್‌ಮನ್ನನ್ನು ಕೇಳಿ. ಅಷ್ಟೇ ಕಾನೂನು.

ಮಂಡಿಪೇಟೆ ಮೊಮ್ಮಗ · 1.30

ಬೆಳಿಗ್ಗೆ 7ಕ್ಕೆ ಸ್ಟೇಷನ್ ಮುಂದೆ. ಅಕ್ಕನ ಮಗನನ್ನೂ ಎಳೆದುಕೊಂಡು ಬರುತ್ತೇನೆ. ಸುಣ್ಣ ಒರೆಸಲು ಒದ್ದೆ ಬಟ್ಟೆ, ಅಕ್ಷರ ಕಾಣಲು ಒಂದು ಡಬ್ಬಿ ಪೌಡರ್ ನನ್ನ ಕಡೆಯಿಂದ.

ಖಾರ ಮಂಡಕ್ಕಿ · 1.32

7ಕ್ಕೆ ಹೊರಟರೆ 9ಕ್ಕೆ ದೋಸೆ. ಬೆಣ್ಣೆ ಎಷ್ಟು ಜನ, ಖಾಲಿ ಎಷ್ಟು ಜನ, ಈಗಲೇ ಹೇಳಿ. ಆಮೇಲೆ ಅಲ್ಲಿ ನಿಂತು ಜಗಳ ಬೇಡ.

ಕೋಟೆನಾಡಿನವ · 1.34

ದುರ್ಗದಿಂದ ಮೊದಲ ಬಸ್ಸಿಗೆ ಬರುತ್ತೇನೆ. ಬೆಣ್ಣೆ ಎರಡು. ಜಂಬ ಪಕ್ಕಕ್ಕಿಡಿ, ಆಲೂಗಡ್ಡೆ ಪಲ್ಯ ಜಾಸ್ತಿ ಹಾಕಿಸಿ.

ರಿಂಗ್ ಫ್ರೇಮ್ ಫಿಟ್ಟರ್ · 1.50

ನನಗೆ ಖಾಲಿ. ಶುಗರ್ರು, ಬಿಪಿ ಎರಡೂ ಇದೆ. 417 ತಾಯಿ, ಬರುವಾಗ ಆ ಬಿಲ್ಲೆ ತಗೊಂಡು ಬರುತ್ತೀಯಾ? ಯಾವ ಖಾತೆಯದ್ದು ಅಂತ ನಾನು ನೋಡಿದರೆ ಹೇಳಬಲ್ಲೆ. ತೂತಿನ ಆಕಾರದಲ್ಲಿ ಗೊತ್ತಾಗುತ್ತದೆ.

ಬಿಲ್ಲೆ ನಂಬರ್ 417 · 2.15

ತರುತ್ತೇನೆ. ನೋಡಿ, ಫೋಟೋ ತೆಗೆಯಿರಿ. ಚೌಕಕ್ಕೆ ಅಂತ ಕೇಳಬೇಡಿ, ಕೊಡುವುದಿಲ್ಲ. ಅಮ್ಮ ಅದನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ, ಒಂಬತ್ತರೊಳಗೆ ವಾಪಸ್ ಇಡಬೇಕು. ನನಗೆ ದೋಸೆ ಪಾರ್ಸೆಲ್ ಮಾಡಿಸಿ.